ಪಟ್ಟಿಯಲ್ಲಿಲ್ಲದ ಆರು ಡಬ್ಬ

ನಮ್ಮ ಮನೆಯ ಗಂಡಸರಿಗೆ ಮರ ಎಂದರೆ ಪ್ರಾಣ, ಕಾಗದ ಎಂದರೆ ತಲೆನೋವು. ಹಲಗೆ ಸೊಟ್ಟಗಿದ್ದರೆ ಮಾವನವರು ಬಾಗಿಲಲ್ಲಿ ನಿಂತೇ ಹೇಳಿಬಿಡುತ್ತಾರೆ. ಅದೇ ಹಲಗೆಯ ಬಗ್ಗೆ ಎರಡು ಸಾಲು ಬರೆಯಿರಿ ಎಂದರೆ ಕನ್ನಡಕ ಸಿಗುತ್ತಿಲ್ಲ ಎನ್ನುತ್ತಾರೆ. ಕನ್ನಡಕ ಹಣೆಯ ಮೇಲೇ ಇರುತ್ತದೆ. ನನ್ನ ಗಂಡನೂ ಅಪ್ಪನಿಗೆ ತಕ್ಕ ಮಗ. ಹಾಗಾಗಿ ನಮ್ಮ ಮರಗೆಲಸದ ಕಾರ್ಖಾನೆಯ ಕಾಗದಪತ್ರವೆಲ್ಲ ಸೊಸೆಯಾದ ನನ್ನ ಪಾಲಿಗೆ ಬಂದಿದೆ. ಈ ಕಥೆಯಲ್ಲಿ ತಪ್ಪು ಮಾಡಿದವರಲ್ಲಿ ನಾನೂ ಒಬ್ಬಳು. ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಸಮುದ್ರದಾಚೆಯ ಒಂದು ಹಾಸ್ಟೆಲಿಗೆ ಹನ್ನೆರಡು ಬೀರು, ಇಪ್ಪತ್ತು ಮೇಜು, ಎಂಬತ್ತು ಕುರ್ಚಿ ಬೇಕೆಂದು ನಮಗೆ ಆರ್ಡರ್ ಬಂತು. ಹಡಗಿನಲ್ಲಿ ಸರಕು ಕಳಿಸುವುದು ನಮಗೆ ಅದೇ ಮೊದಲು. ಅಂಗಳಕ್ಕೆ ಕಂಟೇನರ್ ಬಂತು. ಎರಡು ದಿನ ಎಲ್ಲರೂ ಸೇರಿ ತುಂಬಿದೆವು. ನಾನು ಪ್ಯಾಕಿಂಗ್ ಲಿಸ್ಟ್ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಪೆಟ್ಟಿಗೆಯೊಳಗೆ ಏನೇನಿದೆ, ಎಷ್ಟಿದೆ, ತೂಕವೆಷ್ಟು ಎಂದು ಹೇಳುವ ಪಟ್ಟಿ ಅದು.

ಕೊನೆಯ ಬೀರು ಏರಿಸಿದ ಮೇಲೆ ಮಾವನವರಿಗೆ ಒಂದು ಯೋಚನೆ ಬಂತು. ದಾರಿಯಲ್ಲಿ ಗೀರು ಬಿದ್ದರೆ ಆ ಜನ ಏನು ಮಾಡಬೇಕು? ಹೋಗಿ ನಾಲ್ಕು ದೊಡ್ಡ ಡಬ್ಬ ಥಿನ್ನರ್, ಎರಡು ಡಬ್ಬ ವಾರ್ನಿಷ್ ತಂದರು. ಹಳೇ ಕಂಬಳಿಯಲ್ಲಿ ಸುತ್ತಿ ಬೀರುಗಳೊಳಗೆ ಇಟ್ಟರು. ನಾನು ಪೆನ್ನೆತ್ತಿ, ಇದನ್ನೂ ಬರೆಯಲೇ ಎಂದು ಕೇಳಿದೆ.

"ಪುಕ್ಕಟೆ ಕೊಡೋದಕ್ಕೂ ಪಟ್ಟಿ ಬೇಕೇನಮ್ಮಾ?" ಎಂದರು.

ನಾನೂ ನಕ್ಕು ಪೆನ್ನು ಮುಚ್ಚಿದೆ. ಬಾಗಿಲು ಹಾಕಿ ಸೀಲ್ ಜಡಿದೆವು. ಗುರುವಾರ ಬೆಳಿಗ್ಗೆ ಲಾರಿ ಬಂದರಿನ ಕಡೆ ಹೊರಟಿತು.

ಅಂದೇ ಮಧ್ಯಾಹ್ನ ಎದುರುಮನೆಯ ಅಕ್ಕ ಬಂದರು. ಹಡಗಿನ ಸರಕು ಸಾಗಿಸುವ ಏಜೆಂಟರ ಕಚೇರಿಯಲ್ಲಿ ಅವರದು ಹದಿನೆಂಟು ವರ್ಷದ ಕೆಲಸ. ಕಂಕುಳಲ್ಲಿ ಫೈಲಿಲ್ಲದೆ ಅವರನ್ನು ಕಂಡವರಿಲ್ಲ, ಹಾಗಾಗಿ ಬೀದಿಗೆಲ್ಲ ಅವರು ಫೈಲಕ್ಕ. ನಮ್ಮ ಸರಕಿನ ಬುಕಿಂಗ್ ಮಾಡಿಸಿದ್ದೂ ಅವರೇ. ಬಿಲ್ ಆಫ್ ಲೇಡಿಂಗಿನ ಕರಡು ತಂದಿದ್ದರು. ಸರಕು ಹಡಗಿಗೆ ಒಪ್ಪಿಸಿದ್ದಕ್ಕೆ ಹಡಗಿನವರು ಕೊಡುವ ರಸೀದಿ ಅದು. ಆಚೆ ದಡದಲ್ಲಿ ಸರಕು ಬಿಡಿಸಿಕೊಳ್ಳುವುದಕ್ಕೂ ಅದೇ ಬೇಕು. ಅಚ್ಚಾಗುವ ಮೊದಲು ಸಾಲುಸಾಲಾಗಿ ಓದಿ ನೋಡಬೇಕಂತೆ.

ಕಾರ್ಖಾನೆಯ ಮೇಜಿನ ಮೇಲಿನ ಹೊಟ್ಟು ಸರಿಸಿ ಕೂತೆವು. ಶಿಪ್ಪರ್ ಅಂದರೆ ಕಳಿಸುವವರು, ನಾವು. ಕನ್ಸೈನೀ ಅಂದರೆ ಸರಕು ಯಾರಿಗೆ ಸೇರಬೇಕೋ ಅವರು, ಹಾಸ್ಟೆಲಿನವರು. ನೋಟಿಫೈ ಪಾರ್ಟಿ ಅಂದರೆ ಹಡಗು ಬರುತ್ತಿದೆ ಎಂಬ ಸುದ್ದಿ ಯಾರಿಗೆ ಮುಟ್ಟಬೇಕೋ ಅವರು. ಕಂಟೇನರಿನ ನಂಬರು, ಸೀಲಿನ ನಂಬರು ಎಲ್ಲ ಸರಿಯಿತ್ತು. ತೂಕದ ಸಾಲಿಗೆ ಬಂದಾಗ ಫೈಲಕ್ಕನ ಬೆರಳು ನಿಂತಿತು. ದಾರಿಯಲ್ಲಿ ಲಾರಿ ತೂಗುವ ಕಟ್ಟೆಯವರು ಕೊಟ್ಟ ಚೀಟಿಗೂ ನನ್ನ ಪಟ್ಟಿಗೂ ನೂರು ಕೆ.ಜಿ.ಗಿಂತ ಹೆಚ್ಚಿನ ವ್ಯತ್ಯಾಸವಿತ್ತು.

"ಗೋಣಿ, ಕಂಬಳಿ, ಒತ್ತು ಕೊಟ್ಟ ಮರದ ತುಂಡು ಸೇರಿರಬೇಕು," ಎಂದು ಅವರೇ ಸಮಾಧಾನ ಹೇಳಿಕೊಂಡು ಹಾಳೆ ತಿರುವಲು ಹೊರಟರು.

ನಾನು ಸುಮ್ಮನಿದ್ದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಅವರ ಹಾಳೆಯ ಮೇಲೆ ಕೈಯಿಟ್ಟೆ. ಅದು ಗೋಣಿಯಲ್ಲ ಅಕ್ಕ ಎಂದು, ಆರು ಡಬ್ಬದ ಕಥೆ ಹೇಳಿಬಿಟ್ಟೆ.

ಫೈಲಕ್ಕ ಬೈಯಲಿಲ್ಲ. ಮೊದಲು ಗಡಿಯಾರ ನೋಡಿದರು. ಐದು ಗಂಟೆಗೆ ಕಟ್-ಆಫ್, ಅಂದರೆ ಆ ಹಡಗಿಗೆ ಹೋಗುವ ಕಂಟೇನರುಗಳನ್ನು ಬಂದರಿನವರು ಒಳಗೆ ತೆಗೆದುಕೊಳ್ಳುವ ಕೊನೆಯ ಗಡುವು. ಆಗಲೇ ಎರಡೂವರೆ. ಬೆಂಕಿ ಹತ್ತುವ ಸರಕು ಕಾಗದದಲ್ಲಿಲ್ಲದೆ ಹಡಗು ಹತ್ತಕೂಡದು, ಪೆಟ್ಟಿಗೆಯನ್ನು ತಡೆಯಲೇಬೇಕು ಎಂದರು.

ಉಜ್ಜುಗೊರಡು ಹಿಡಿದಿದ್ದ ಮಾವನವರು ಎದ್ದು ಬಂದರು. ಅವರಿಗೆ ಇದೆಲ್ಲ ಕಾಗದದವರ ಕಾಟವೆಂದೇ ಅನ್ನಿಸಿತ್ತು. ಈ ಹಡಗು ತಪ್ಪಿದರೆ ಇನ್ನೊಂದಕ್ಕೆ ಹತ್ತು ದಿನ ಕಾಯಬೇಕು. ಹಾಸ್ಟೆಲಿನವರು ಬೇಡವೆಂದುಬಿಟ್ಟರೆ ಐದು ತಿಂಗಳ ಕೆಲಸ ಏನಾಗಬೇಕು ಎಂದು ಕೇಳಿದರು. ಡಬ್ಬದ ಮುಚ್ಚಳಗಳನ್ನು ತಾವೇ ಬಡಿದು ಬಿಗಿ ಮಾಡಿದ್ದರಂತೆ.

"ಸುತ್ತ ನೀರೇ ಇರೋ ಕಡೆ ಬೆಂಕಿಯ ಮಾತಾಡ್ತೀಯಲ್ಲ ತಾಯಿ," ಎಂದು ಮೂಗು ಮುರಿದರು.

ಫೈಲಕ್ಕ ವಾದಕ್ಕೆ ನಿಲ್ಲಲಿಲ್ಲ. ಕಿಟಕಿಯಾಚೆ ನೋಡಿದರು. ನಮ್ಮ ಅಂಗಳದ ತುದಿಯಲ್ಲಿ ಒಂದು ತಗಡಿನ ಗೂಡಿದೆ. ಥಿನ್ನರ್, ವಾರ್ನಿಷ್ ಇಡುವುದು ಅಲ್ಲೇ. ಪಕ್ಕದಲ್ಲಿ ಮರಳಿನ ಬಕೆಟ್ಟು, ಮೇಲೆ ಬೀಡಿ ಸೇದಬೇಡಿ ಎಂಬ ಬೋರ್ಡು.

"ಮೇಸ್ತ್ರಿ, ಆ ಗೂಡನ್ನ ಯಾಕೆ ಅಷ್ಟು ದೂರ ಕಟ್ಟಿದ್ದೀರಿ?"

ಉತ್ತರ ಮಾವನವರ ಬೆನ್ನ ಹಿಂದೆಯೇ ಇತ್ತು. ಕಾರ್ಖಾನೆಯ ಒಳಗೋಡೆಯ ಒಂದು ಮೂಲೆ ಇಂದಿಗೂ ಕಪ್ಪಗಿದೆ. ಇಪ್ಪತ್ತು ವರ್ಷದ ಹಿಂದೆ ಬಿಸಿಲು ಬೀಳುವ ಕಿಟಕಿಯ ಕೆಳಗೆ ಒಂದೇ ಒಂದು ಡಬ್ಬ ಇಟ್ಟಿದ್ದರಂತೆ. ಎಲ್ಲಿಂದಲೋ ಒಂದು ಕಿಡಿ ಹಾರಿತು. ಮಾವನವರ ತಮ್ಮನ ಎರಡೂ ಕೈ ಮೊಣಕೈವರೆಗೆ ಸುಟ್ಟವು. ಆಮೇಲೆ ಅವರು ಉಳಿ ಹಿಡಿಯಲಿಲ್ಲ. ಎಷ್ಟು ಸಲ ಸುಣ್ಣ ಹೊಡೆದರೂ ಆ ಮೂಲೆಯನ್ನು ಮಾವನವರು ಹಾಗೇ ಉಳಿಸಿದ್ದಾರೆ. ಹೊಸಬರು ಕೆಲಸಕ್ಕೆ ಬಂದ ದಿನ ಮೊದಲು ಅದನ್ನೇ ತೋರಿಸುತ್ತಾರೆ.

"ಆ ಹಡಗಲ್ಲಿ ಇಪ್ಪತ್ತೆರಡು ಜನ ಇರ್ತಾರೆ," ಎಂದರು ಫೈಲಕ್ಕ. "ಅವರಿಗೆ ಈ ಗೋಡೆ ತೋರಿಸೋರು ಯಾರು?"

ಆಮೇಲೆ ಮೆಲ್ಲಗೆ ವಿವರಿಸಿದರು. ಸೀಲ್ ಹಾಕಿದ ಪೆಟ್ಟಿಗೆಯನ್ನು ಹಡಗಿನವರು ತೆರೆದು ನೋಡುವುದಿಲ್ಲ, ಕಾಗದವನ್ನೇ ನಂಬುತ್ತಾರೆ. ಬೆಂಕಿಯ ಸರಕೆಂದು ಬರೆದಿದ್ದರೆ ಬಿಸಿಯಿಂದ ದೂರ, ಕೈಗೆ ಸಿಗುವ ಕಡೆ ಇಡುತ್ತಾರೆ. ಮೇಜು ಕುರ್ಚಿ ಎಂದಷ್ಟೇ ಬರೆದಿದ್ದರೆ ಎಂಜಿನ್ನಿನ ಹತ್ತಿರ, ನೂರು ಪೆಟ್ಟಿಗೆಯ ಅಡಿಯಲ್ಲಿ ಇಟ್ಟರೂ ಇಟ್ಟರು. ಹೊಗೆ ಬಂದಾಗ ನೀರು ಹಾಕಬೇಕೋ ನೊರೆ ಹಾಕಬೇಕೋ ಎಂದು ನೋಡುವುದೂ ಅದೇ ಕಾಗದವನ್ನು. ನಡುಸಮುದ್ರದಲ್ಲಿ ಓಡಿಹೋಗಲು ಬೀದಿಯಿಲ್ಲ.

ಮಾವನವರು ಉಜ್ಜುಗೊರಡು ಕೆಳಗಿಟ್ಟರು. "ಲಾರಿಯವನಿಗೆ ಫೋನ್ ಮಾಡಮ್ಮಾ," ಎಂದರು ನನಗೆ.

ಮಾಡಿದೆ. ರಿಂಗ್ ಆಯಿತು, ಎತ್ತಲಿಲ್ಲ. ಏಳು ಸಲ ಮಾಡಿದೆ. ಗಾಡಿ ಓಡಿಸುವಾಗ ಫೋನ್ ಎತ್ತುವುದಿಲ್ಲ ಎಂದು ಬೆಳಿಗ್ಗೆ ಆ ಚಾಲಕ ಹೆಮ್ಮೆಯಿಂದ ಹೇಳಿದ್ದ. ಆಗ ನಾವೆಲ್ಲ ಭೇಷ್ ಎಂದಿದ್ದೆವು. ನನ್ನ ಗಂಡ ಬೈಕ್ ಹತ್ತಿ ಹೆದ್ದಾರಿಗೆ ಓಡಿದ, ನಾಲ್ಕು ಗಂಟೆ ಮೊದಲು ಹೊರಟ ಲಾರಿ ಅಲ್ಲೇ ಕಾಯುತ್ತಿರುತ್ತದೆ ಎಂಬಂತೆ. ಫೈಲಕ್ಕ ಬಂದರಿನ ಅಂಗಳದ ಕಚೇರಿಗೆ ಫೋನ್ ಮಾಡಿದರು. ಲಾರಿಗಳ ದೊಡ್ಡ ಸಾಲೇ ಇದೆ, ಕಂಟೇನರ್ ನಂಬರು ಹೇಳಿ ಎಂದರು ಅಲ್ಲಿಯವರು. ನಾಲ್ಕು ಅಕ್ಷರ, ಏಳು ಅಂಕಿ. ಕರಡು ಹಿಡಿದು ಓದಿದೆ. ಅವಸರದಲ್ಲಿ ಒಂದು ಅಂಕಿ ಬಿಟ್ಟುಹೋಯಿತು, ಎರಡನೇ ಸಲ ಬೆರಳಿಟ್ಟು ಓದಿದೆ. ನೋಡಿ ಹೇಳುತ್ತೇವೆ ಎಂದು ಫೋನಿಟ್ಟರು.

ಅಲ್ಲಿಂದ ಒಂದು ಗಂಟೆ ಹೇಗೆ ಕಳೆಯಿತೋ ಗೊತ್ತಿಲ್ಲ. ಮಾವನವರು ಗೂಡಿನವರೆಗೆ ಹೋಗುವುದು, ಬರುವುದು. ಯಾರೂ ನೀರು ಕೂಡ ಕುಡಿಯಲಿಲ್ಲ. ನನಗೆ ಕಣ್ಣು ಮುಚ್ಚಿದರೆ ಚಿಕ್ಕಮಾವನವರ ಕೈಗಳೇ ಕಾಣುತ್ತಿದ್ದವು. ಒಂದು ಸಾಲು ಬರೆಯಲು ಸೋಮಾರಿತನ ಮಾಡಿದೆನಲ್ಲ ಎಂದು ನನ್ನ ಮೇಲೆ ನನಗೇ ಅಸಹ್ಯವಾಯಿತು.

ನಾಲ್ಕಕ್ಕೆ ಫೋನ್ ಬಂತು. ಪೆಟ್ಟಿಗೆ ಹತ್ತು ನಿಮಿಷದ ಹಿಂದೆ ಗೇಟು ದಾಟಿತ್ತು. ಆದರೆ ಹಡಗು ಹತ್ತಿರಲಿಲ್ಲ. ಹಿಂದೆ ಕಳಿಸಬೇಕಾದರೆ ಒಳಗೇನಿದೆ ಎಂದು ಒಪ್ಪಿ ಶಿಪ್ಪರ್ ಪತ್ರ ಕೊಡಬೇಕು, ಕಸ್ಟಮ್ಸಿಗೂ ತಿಳಿಸಬೇಕು ಎಂದರು. ದಂಡ ಬಿದ್ದರೂ ಬೀಳಬಹುದು.

ನಾನು ಬರೆದೆ. ಥಿನ್ನರ್ ನಾಲ್ಕು, ವಾರ್ನಿಷ್ ಎರಡು, ಪಟ್ಟಿಯಲ್ಲಿ ಬರೆದಿಲ್ಲ, ತಪ್ಪು ನಮ್ಮದು. ಮಾವನವರು ಕನ್ನಡಕ ಇಳಿಸಿಕೊಂಡು ಎರಡು ಸಲ ಓದಿ ಸಹಿ ಮಾಡಿದರು. ಪತ್ರದ ಫೋಟೋ ಹೋಯಿತು. ನಾಲ್ಕೂ ನಲವತ್ತಕ್ಕೆ, ಪೆಟ್ಟಿಗೆಯನ್ನು ಬದಿಗಿಟ್ಟಿದ್ದೇವೆ ಎಂಬ ಉತ್ತರ ಬಂತು. ಫೈಲಕ್ಕ ಹೊಟ್ಟಿನ ರಾಶಿಯ ಮೇಲೇ ಕುಸಿದು ಕೂತರು.

ಶನಿವಾರ ಕಂಟೇನರ್ ನಮ್ಮ ಅಂಗಳಕ್ಕೆ ವಾಪಸ್ ಬಂತು. ಕಸ್ಟಮ್ಸ್ ಅಧಿಕಾರಿಯ ಎದುರು ಸೀಲ್ ಕತ್ತರಿಸಿದರು. ಬಾಗಿಲು ತೆಗೆದದ್ದೇ ತಡ, ಥಿನ್ನರಿನ ವಾಸನೆ ಗಪ್ಪೆಂದು ಮುಖಕ್ಕೆ ಹೊಡೆಯಿತು. ಎರಡು ದಿನದ ಬಿಸಿಲಿಗೆ ಒಂದು ಡಬ್ಬ ಉಬ್ಬಿ ಮುಚ್ಚಳ ಎದ್ದಿತ್ತು. ಸುತ್ತಿದ್ದ ಕಂಬಳಿ ಹಿಂಡಿದರೆ ಸುರಿಯುವಷ್ಟು ನೆನೆದಿತ್ತು. ಮಾವನವರು ಕಂಬಳಿಯನ್ನು ಮುಟ್ಟಿ, ಆ ಕೈಯನ್ನೇ ನೋಡುತ್ತ ನಿಂತರು. "ನಾನೇ ಬಡಿದಿದ್ದೆನಲ್ಲಮ್ಮಾ," ಎಂದರು. ಅವರ ಧ್ವನಿ ಅಷ್ಟು ಸಣ್ಣಗಾದದ್ದನ್ನು ನಾನು ಎಂದೂ ಕೇಳಿರಲಿಲ್ಲ.

ಆರೂ ಡಬ್ಬ ಇಳಿಸಿದೆವು. ಹೊಸ ಪಟ್ಟಿ, ಹೊಸ ತೂಕ, ಹೊಸ ಸೀಲಿನ ನಂಬರು ಎಲ್ಲ ಕಾಗದಕ್ಕೂ ಹೋಯಿತು. ಹಾಸ್ಟೆಲಿನವರು ಗೊಣಗಿದರೂ ಕಾದರು. ಈ ಸಲ ಬಾಗಿಲು ಹಾಕುವ ಮುನ್ನ ಮಾವನವರು ಪಟ್ಟಿಯನ್ನು ಗಟ್ಟಿಯಾಗಿ ಓದಿಸಿದರು. ಪುಕ್ಕಟೆ ಇಟ್ಟಿದ್ದ ಒಂದು ಪೊಟ್ಟಣ ಮೊಳೆಯನ್ನೂ ಬರೆಸಿದರು.

ನೀವೂ ಹಡಗಿನಲ್ಲಿ ಸರಕು ಕಳಿಸುವವರಾದರೆ ನಮ್ಮ ತಪ್ಪು ಮಾಡಬೇಡಿ. ಮಾರಿದ್ದು, ಉಡುಗೊರೆ ಕೊಟ್ಟಿದ್ದು, ಜಾಗ ತುಂಬಲು ಇಟ್ಟಿದ್ದು ಎಲ್ಲವನ್ನೂ ಪ್ಯಾಕಿಂಗ್ ಲಿಸ್ಟಿನಲ್ಲಿ ಬರೆಯಿರಿ. ಬಣ್ಣ, ಥಿನ್ನರ್, ಅಂಟು, ಸೆಂಟು, ಬ್ಯಾಟರಿ, ಇದ್ದಿಲಿನಂಥದ್ದು ಏನೇ ಇದ್ದರೂ ಬುಕಿಂಗ್ ಮಾಡುವಾಗಲೇ ಏಜೆಂಟರಿಗೆ ಹೇಳಿ. ಅದನ್ನು ಕಳಿಸಲು ಬೇರೆ ಡಬ್ಬ, ಬೇರೆ ಚೀಟಿ, ಬೇರೆ ಕಾಗದ ಇವೆ. ಕರಡು ಬಂದಾಗ ಪ್ರತಿ ಸಾಲಿಗೂ ಬೆರಳಿಟ್ಟು ಓದಿ. ಬರೆಯುವುದು ಮರೆತಿದ್ದರೆ ನಾಚಿಕೆ ಪಡದೆ ಈಗಲೇ ಫೋನ್ ಎತ್ತಿ. ನೀವು ಎಂದೂ ನೋಡದ ಇಪ್ಪತ್ತೆರಡು ಮಂದಿ ನಿಮ್ಮ ಪೆಟ್ಟಿಗೆಯ ಪಕ್ಕದಲ್ಲಿ ವಾರಗಟ್ಟಲೆ ಮಲಗಿ ಏಳುತ್ತಾರೆ. ಅದರೊಳಗೆ ಏನಿದೆ ಎಂದು ಅವರಿಗೆ ಹೇಳುವುದು ನೀವು ಬರೆದ ಕಾಗದ ಮಾತ್ರ.