ಒಂಟಿ ನಿಂತ ಚೂರಿ ಚೆನ್ನಿ

ಸೋಮವಾರ ಪ್ರತೀಕ್ಷಾ ಖಿದಿರ್‌ಪುರದ ಹಡಗು ಸರಕಿನ ಆಫೀಸಿಗೆ ಹೋಗಿ ಕೆಲಸಕ್ಕೆ ಸೇರಬೇಕಿತ್ತು. ಸಿಯಾಲ್ದಾದ ರೈಲ್ವೆ ಕ್ವಾರ್ಟರ್ಸಿನ ಆ ಮನೆಯಲ್ಲಿ ಎಲ್ಲರೂ ಉಸಿರು ಬಿಗಿಹಿಡಿದಿದ್ದರು. ಕೆಲಸ ಸಿಕ್ಕಿದ್ದು ದೊಡ್ಡದಲ್ಲ. ಒಬ್ಬಳೇ ಬಸ್ಸು ಹತ್ತುತ್ತೇನೆ ಅಂದಳಲ್ಲ, ಅದು ದೊಡ್ಡದು.

ಹೋದ ವರ್ಷ ಅದೇ ದಾರಿಯ ಬಸ್ಸಿನಲ್ಲಿ ಒಬ್ಬ ಅವಳನ್ನು ಹಿಂದಿನಿಂದ ಹಿಡಿದುಕೊಂಡಿದ್ದ. ಅವಳು ಕೂಗಿದಳು. ಬಸ್ಸಿಗೆ ಬಸ್ಸೇ ಕಿವುಡಾಯಿತು. ಮುಂದಿನ ಸ್ಟಾಪಿನಲ್ಲಿ ಅವನು ಇಳಿದು ಹೋದ. ಮುಖ ಕೂಡ ಕಾಣಲಿಲ್ಲ. ಆಮೇಲೆ ಅವಳು ಹಾಲಿನ ಅಂಗಡಿಗೂ ಹೋಗಲಿಲ್ಲ. ಅಪ್ಪ ಬಸವಲಿಂಗಪ್ಪ ಬೆನ್ನ ಹಿಂದೆ ಹಾದುಹೋದರೂ ಬೆಚ್ಚಿಬೀಳುತ್ತಿದ್ದಳು. ಎಲ್ಲಿ ಕೂತರೂ ಬೆನ್ನು ಗೋಡೆಗೆ ಒತ್ತಿಯೇ ಕೂರುತ್ತಿದ್ದಳು.

ಅಣ್ಣ ಪ್ರಸನ್ನನಿಗೆ ಮದ್ದು ಗೊತ್ತಿರಲಿಲ್ಲ. ಗೊತ್ತಿದ್ದದ್ದು ಒಂದು ಆಟ: ಒಬ್ಬರು ಕತೆ ಹೇಳುವುದು, ಇನ್ನೊಬ್ಬರು ಅದರೊಳಗಿನ ಪಾತ್ರವಾಗುವುದು, ಏಟು ಬಿತ್ತೋ ತಪ್ಪಿತೋ ಅಂತ ಇಪ್ಪತ್ತು ಮುಖದ ದಾಳ ತೀರ್ಮಾನಿಸುವುದು. ಅವಳು ಆರಿಸಿಕೊಂಡದ್ದು ರೋಗ್, ಅಂದರೆ ಕತ್ತಲಲ್ಲಿ ಹೊಂಚುಹಾಕಿ ಬೆನ್ನಿಗೆ ಚೂರಿ ಹಾಕುವ ಕಳ್ಳರ ಜಾತಿ.

"ಹಿಂದಿಂದ ಹೊಡ್ಯೂದು ನನಗ ಬ್ಯಾಡಣ್ಣ. ಮಾರಿ ನೋಡಿ ಹೊಡೀಬೇಕು" ಅಂದಳು.

ಪ್ರಸನ್ನ ತಾನೇ ಕೂತು ಹೊಸ ಬಗೆಯ ಕಳ್ಳಿಯೊಬ್ಬಳನ್ನು ಬರೆದ. ಅವಿತುಕೊಳ್ಳುವ ವಿದ್ಯೆ ಇವಳಿಗಿಲ್ಲ. ಎದುರು ನಿಂತು ಕಾದಾಡುವಾಗ, ತನ್ನವರು ಯಾರೂ ಪಕ್ಕದಲ್ಲಿಲ್ಲದಿದ್ದರೆ, ಅವಳ ಚೂರಿಗೆ ಇಮ್ಮಡಿ ಬಲ. ಪಕ್ಕದಲ್ಲಿ ಒಬ್ಬ ನಿಂತನೋ, ಆ ಬಲ ಹೋಯಿತು. ಪ್ರತೀಕ್ಷಾ ಅವಳಿಗೆ ಚೂರಿ ಚೆನ್ನಿ ಅಂತ ಹೆಸರಿಟ್ಟಳು.

ಚೆನ್ನಿ ಸೋಲಲೇ ಇಲ್ಲ. ಹೇಗೆ ಸೋತಾಳು? ಅವಳ ದಾಳ ಪ್ರತೀಕ್ಷಾಳ ಕೈಯಲ್ಲಿ. ಶತ್ರುವಿನ ದಾಳ ಪ್ರಸನ್ನನ ಕೈಯಲ್ಲಿ, ರಟ್ಟಿನ ಮರೆಯಲ್ಲಿ. ಅಲ್ಲಿ ಏನೇ ಬೀಳಲಿ, ಅವನ ಬಾಯಲ್ಲಿ ಒಂದೇ ಮಾತು: "ತಪ್ಪಿತು." ಅದು ಮೋಸ ಅಂತ ಅವನಿಗೆ ಅನಿಸಲೇ ಇಲ್ಲ. ಆ ಮನೆಯ ರೂಢಿಯೇ ಹಾಗೆ. ಚೌಕಾಬಾರಾ ಆಡಲು ಕೂತರೆ ಅವ್ವ ಗೌರಿ ಮುನಿಸಿಕೊಂಡ ಮಗುವಿನ ಕಾಯಿ ಹೊಡೆಯದೆ ಕವಡೆ ಕೈಕೊಟ್ಟಿತೆಂದು ಬೈಯುತ್ತಿದ್ದಳು; ಜ್ವರ ಬಂದವರು ಅಲ್ಲಿ ಎಂದೂ ಸೋತದ್ದಿಲ್ಲ. ಪ್ರೀತಿ ಅಂದರೆ ತಾನು ಸೋತು ಗೆಲ್ಲಿಸುವುದು ಅಂತ ಕಲಿತ ಹುಡುಗ, ಪಾಪ, ಕಲಿತದ್ದನ್ನೇ ಮಾಡಿದ. ಫಲವೂ ಕಂಡಿತಲ್ಲ! ಪ್ರತೀಕ್ಷಾ ಗೋಡೆ ಬಿಟ್ಟು ಕೋಣೆಯ ನಡುವೆ ಬಂದು ಕೂತಳು. ಆಮೇಲೆ ಹಾಲಿನ ಅಂಗಡಿಗೆ ಹೋದಳು. ಆಮೇಲೆ ಫೋನಿನಲ್ಲೇ ಸಂದರ್ಶನ ಕೊಟ್ಟು ಕೆಲಸ ಗಿಟ್ಟಿಸಿದಳು.

ಭಾನುವಾರ ಮಧ್ಯಾಹ್ನ ಕೊನೆಯ ಕಾಳಗ. ಸೇತುವೆಯ ಮೇಲೆ ಚೆನ್ನಿ ಒಬ್ಬಳೇ, ಎದುರಿಗೆ ದೈತ್ಯ ಕಾವಲುಗಾರ. ಪ್ರಸನ್ನ ದಾಳ ಉರುಳಿಸಿ "ತಪ್ಪಿತು" ಅಂದ. ಪ್ರತೀಕ್ಷಾ ಚಪ್ಪಾಳೆ ತಟ್ಟಿ, ಖುಷಿಯಲ್ಲಿ ಅವನಿಗೆ ಚಹಾ ಕೊಡಲು ಕೈ ಚಾಚಿದಳು. ಮೊಣಕೈ ತಾಗಿ ರಟ್ಟು ಮಗುಚಿತು. ದಾಳದ ಮೇಲೆ ಇಪ್ಪತ್ತು ಬಿದ್ದಿತ್ತು. ಅದಕ್ಕಿಂತ ದೊಡ್ಡ ಏಟು ಆ ಆಟದಲ್ಲೇ ಇಲ್ಲ.

ಪ್ರಸನ್ನನ ಮುಖ ಹುಳ್ಳಗಾಯಿತು.

"ಖರೇ ಹೇಳಣ್ಣ. ಎಷ್ಟು ಸಲ ಹಿಂಗ ಮಾಡಿದಿ?"

"ನೀ ಹೊರಗ ಬರ್ಲಿ ಅಂತ..."

"ಎಷ್ಟು ಸಲ?"

"ಎಲ್ಲಾ ಸಲನೂ" ಅಂದ ಅವನು, ತಲೆ ತಗ್ಗಿಸಿ.

"ರಟ್ಟು ತಗೀ. ಈಗ ಒಗಿ, ನನ್ನ ಮುಂದ."

ಒಗೆದ. ದಾಳ ಮೇಜಿನ ತುದಿಯವರೆಗೆ ಉರುಳಿ ಒಂದರ ಮೇಲೆ ನಿಂತಿತು. ಕಾವಲುಗಾರ ಈ ಸಲ ನಿಜವಾಗಿಯೂ ತಪ್ಪಿದ್ದ. ಪ್ರಸನ್ನನಿಗೆ ಹೋದ ಜೀವ ಬಂದಂತಾಯಿತು. "ನೋಡು! ಖರೇನ ತಪ್ಪೇತಿ ನೋಡು!"

ಅವಳು ದಾಳ ನೋಡಲಿಲ್ಲ, ಅವನ ಮುಖ ನೋಡಿದಳು. "ಇದಕ್ಕೂ ಏನಾರ ಮಾಡಿದೇನು?"

ಸೋಮವಾರ ಬೆಳಿಗ್ಗೆ ಗೌರಿ ಡಬ್ಬಿಗೆ ರೊಟ್ಟಿ, ಬದನೆಕಾಯಿ ಪಲ್ಯ ತುಂಬಿದಳು. ಪ್ರತೀಕ್ಷಾ ಇಸ್ತ್ರಿ ಮಾಡಿದ ಚೂಡಿದಾರ ಹಾಕಿಕೊಂಡು, ಚಪ್ಪಲಿ ಮೆಟ್ಟಿ ಬಾಗಿಲಿಗೆ ಬಂದು ನಿಂತಳು. ನಿಂತೇ ಇದ್ದಳು. ಕೆಳಗೆ ಬೀದಿಯಲ್ಲಿ ಕಂಡಕ್ಟರ್ ಖಿದಿರ್‌ಪುರ, ಖಿದಿರ್‌ಪುರ ಅಂತ ಕೂಗುತ್ತಿದ್ದ.

"ನಾ ಬರ್ತೀನಿ ಜೋಡಿ, ಆಫೀಸಿನ ಬಾಗಲ ತನಕ" ಅಂದ ಪ್ರಸನ್ನ.

"ಬಾಜೂಕ ಯಾರರ ನಿಂತ್ರ ಚೆನ್ನಿಗೆ ಬಲ ಇರಂಗಿಲ್ಲ. ಈ ನೇಮ ನೀನ ಬರದಿಯಲ್ಲಾ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. "ಪೂರಾ ವರ್ಷ ನೀ ಬಾಜೂಕ ನಿಂತಿದ್ದಿ ಅಣ್ಣ. ಆಕಿ ಒಮ್ಮೆನೂ ಒಬ್ಬಾಕಿನ ಹೊಡದಾಡಿಲ್ಲ."

ಚಪ್ಪಲಿ ಬಿಚ್ಚಿ ಗೂಡಿನಲ್ಲಿಟ್ಟು ಒಳಗೆ ಹೋದಳು. ಗೌರಿ ಡಬ್ಬಿ ಬಿಚ್ಚಿ ರೊಟ್ಟಿಯನ್ನು ತಟ್ಟೆಗೆ ಹಾಕಿದಳು. ತಟ್ಟೆ ಹಿಡಿದು ಬಂದ ಪ್ರಸನ್ನನ ಹೆಜ್ಜೆ ಕೇಳಿ ಪ್ರತೀಕ್ಷಾ ಬೆಚ್ಚಿದಳು. ಸರಿದು, ಬೆನ್ನನ್ನು ಗೋಡೆಗೆ ಒತ್ತಿ ಕೂತಳು.