ಮೀನುಗಣ್ಣು ಬಿದ್ದ ಬಣ್ಣ

ಕೆಂಪು ಬಣ್ಣ ಇನ್ನೂ ಹಸಿಯಾಗಿರುವಾಗಲೇ ಗಾಡಿಯ ಬಾಗಿಲ ಕೆಳಗೆ ಗುಳಿಗಳು ಬಿದ್ದವು. ಹೆಸರುಕಾಳಿನಷ್ಟು ದುಂಡಗೆ, ಒಂದೊಂದರ ನಡುವೆಯೂ ಅಡಿಬಣ್ಣ ಇಣುಕುತ್ತಿತ್ತು. ಪೇಂಟರುಗಳ ಬಾಯಲ್ಲಿ ಇದು ಮೀನುಗಣ್ಣು; ಎಣ್ಣೆಯೋ ಮೇಣವೋ ಜಿಡ್ಡು ಉಳಿದ ಕಡೆ ಬಣ್ಣ ಕೂರದೆ ಬೀಳುವಂಥದ್ದು. ಲಾಲೊ ಸ್ಪ್ರೇ ಗನ್ನು ಕೆಳಗಿಟ್ಟ.

"ಇಂಜಿನ್ ಮುಟ್ಟಿದ ಕೈಯಲ್ಲೇ ಒರೆಸಿದ್ಯೇನೋ?"

ಆರ್ವಿಲ್ ಬಗ್ಗಿ ಗುಳಿಗಳನ್ನು ನೋಡಿದ. ಬಣ್ಣಕ್ಕೆ ಮುಂಚೆ ಗಾಡಿಯ ಮೈ ಒರೆಸುವುದು ಮೊದಲಿನಿಂದಲೂ ಅವನದೇ ಕೆಲಸ. ಸ್ವಂತ ಗಾಡಿಯನ್ನು ಎಣ್ಣೆಗೈಯಲ್ಲಿ ಮುಟ್ಟುವಷ್ಟು ಪೆದ್ದನೇನಲ್ಲ ಅವನು. ಅವನಿಗೆ ಹೊಳೆದದ್ದೇ ಬೇರೆ. ಮೇಣ. ಗಾಡಿಯ ಮೈಗೆ ಮೇಣ ಬಳಿದು, ಮೇಲೆ ಫೈಬರ್ ಗ್ಲಾಸ್ ಹಾಸಿ, ಒಣಗಿದ ಮೇಲೆ ಎಬ್ಬಿಸಿದರೆ ಅಚ್ಚು ಸಿಗುತ್ತದೆ. ಒಂದು ಅಚ್ಚು ಕೈಗೆ ಸಿಕ್ಕರೆ ಅಂಥದೇ ನೂರು ಗಾಡಿ ಮಾಡಬಹುದು.

ಆ ಗಾಡಿಯೇನು ಸುಮ್ಮನೆ ಆದದ್ದೇ? ಹಳೇ ಫೋರ್ಡ್ ಟಿ ಮಾಡೆಲಿನ ತುಕ್ಕು ಹಿಡಿದ ಮೈಯನ್ನು ಆರ್ವಿಲ್ ಒಂದು ಕೋಳಿ ಫಾರ್ಮಿನ ಹಿತ್ತಲಿಂದ ಎತ್ತಿ ತಂದಿದ್ದ. ಮಡ್‌ಗಾರ್ಡುಗಳನ್ನು ಕಿತ್ತು, ಹಿಂದಿನ ಸಾಮಾನಿನ ತೊಟ್ಟಿಯನ್ನು ಮೋಟಾಗಿ ಕತ್ತರಿಸಿ, ಮುಂದಿನ ಆಕ್ಸಲನ್ನು ರೇಡಿಯೇಟರಿನ ಮುಂದಕ್ಕೆ ತಳ್ಳಿ, ಹಿಂದೆ ದಪ್ಪ ಚಕ್ರ ಮುಂದೆ ಬಡಕಲು ಚಕ್ರ ಕೊಟ್ಟಿದ್ದ. ಬಾನೆಟ್ಟಿಲ್ಲ, ಇಂಜಿನ್ನೇ ಒಡವೆ; ಕ್ರೋಮ್ ಹಾಕಿಸಿಕೊಂಡು ಬಯಲಲ್ಲಿ ಮಿರುಗುತ್ತಿತ್ತು. ಆ ಬ್ಯೂಕ್ ಇಂಜಿನ್ ಲಾಲೊನ ಸತ್ತ ಅಣ್ಣನ ಕಾರಿನದು. ಆರ್ವಿಲ್ ಕೇಳುವ ಮೊದಲೇ ಲಾಲೊ ಕೊಟ್ಟಿದ್ದ. ನೆಟ್ಟಗೆ ನಿಂತ ಮುಂಗಾಜನ್ನು ಇನ್ನೊಂದು ಬೆರಳು ಗಿಡ್ಡ ಮಾಡು ಎಂದು ಹಟ ಹಿಡಿದವನೂ ಅವನೇ. ಹೈಸ್ಕೂಲಿನಿಂದ ಬಂದ ಸ್ನೇಹ. ಅವರ ಊರು ಎಲ್ ಮಾಂಟೆಯಲ್ಲಿ ಇಂಥ ನಿಲುವಿನ ಗಾಡಿ ಇನ್ನೊಂದಿರಲಿಲ್ಲ. ಇರಕೂಡದು ಎಂಬುದೇ ಆರ್ವಿಲ್‌ನ ಆಸೆ.

ಅನುಮಾನ ಹೊಕ್ಕ ತಲೆಗೆ ಸಾಕ್ಷಿಗಳಿಗೇನು ಬರ? ಲಾಲೊನ ಶೆಡ್ಡಿನ ಹಿಂದೆಯೇ ದೋಣಿ ಮಾಡುವ ಸ್ಟ್ರೌಡ್ ಇದ್ದ. ಫೈಬರ್ ಗ್ಲಾಸಿನ ಕೆಲಸ ಅವನಿಗೆ ನೀರು ಕುಡಿದಷ್ಟು ಸಲೀಸು. ಇಬ್ಬರೂ ಬೇಲಿಯ ಹತ್ತಿರ ನಿಂತು ಹರಟುವುದನ್ನು ಆರ್ವಿಲ್ ಕಣ್ಣಾರೆ ಕಂಡಿದ್ದ. ಹೋದ ವಾರ ಗಾಡಿ ಒಳಗಿರುವಾಗಲೇ ಶೆಡ್ಡಿಗೆ ಬೀಗ ಬೇರೆ ಬಿದ್ದಿತ್ತು. ಮಗಳಿಗೆ ಜ್ವರ ಅಂದಿದ್ದ ಲಾಲೊ. ಜ್ವರವಂತೆ, ಜ್ವರ.

ಹೆಂಡತಿ ವರ್ನಾ ಇದನ್ನು ಕೇಳಿ, ತಲೆ ನೆಟ್ಟಗಿದೆಯಾ ನಿಮಗೆ, ಅಣ್ಣನ ಇಂಜಿನ್ನನ್ನೇ ಕಿತ್ತುಕೊಟ್ಟವನು ಅವನು ಎಂದು ಬೈದಳು. ಅದಕ್ಕೂ ಆರ್ವಿಲ್‌ನ ಬಳಿ ಉತ್ತರವಿತ್ತು: ಅದಕ್ಕೇ ಗಾಡಿಯಲ್ಲಿ ತನಗೂ ಪಾಲಿದೆ ಅಂದುಕೊಂಡಿದ್ದಾನೆ.

ಮರುದಿನ ಶೆಡ್ಡಿಗೆ ಹೋಗಿ ನೇರವಾಗಿ ಕೇಳಿಯೇಬಿಟ್ಟ. "ಸ್ಟ್ರೌಡ್‌ಗೆ ಅಚ್ಚು ತೆಗೆಯೋಕೆ ಬಿಟ್ಯಾ?"

ಲಾಲೊ ಕೈಯಲ್ಲಿದ್ದ ಡಬ್ಬಿ ಕೆಳಗಿಟ್ಟ. "ನಾನು ಅಂಥವನು ಅನ್ಸುತ್ತಾ ನಿಂಗೆ?"

"ಬೀಗದ ಕೈ ಇರೋದು ನಿನ್ನ ಹತ್ರ ತಾನೆ."

ಲಾಲೊ ಆಣೆ ಹಾಕಲಿಲ್ಲ, ಕೂಗಾಡಲೂ ಇಲ್ಲ. ಆರ್ವಿಲ್ ಗಾಡಿಯ ಮೈಯನ್ನು ಮನೆಗೆ ಒಯ್ಯಲು ಪಿಕಪ್ಪಿಗೆ ಏರಿಸುವಾಗ ಕೈಜೋಡಿಸಿದ; ಮೂಲೆಗಳು ತರಚದಂತೆ ತನ್ನದೇ ಕಂಬಳಿ ತಂದು ಅಡಿಗೆ ಹಾಸಿದ. ತಪ್ಪು ಮಾಡಿದವನೇ ಇಷ್ಟು ಸುಮ್ಮನಿರುತ್ತಾನೆ ಎಂದುಕೊಂಡು ಆರ್ವಿಲ್ ಪಿಕಪ್ ಹೊರಡಿಸಿದ.

ಮನೆಯಲ್ಲಿ ಬಣ್ಣ, ಅಡಿಬಣ್ಣ ಎರಡನ್ನೂ ಹೆರೆದು ಬರಿಯ ತಗಡಿಗೆ ತಂದ. ಹೊಸದಾಗಿ ಅಡಿಬಣ್ಣ ಕೊಟ್ಟು, ಒಣಗಿಸಿ, ಉಜ್ಜಿ, ಒರೆಸಿ, ಎರವಲು ಗನ್ನಿನಿಂದ ಕೆಂಪು ಹೊಡೆದ. ಕಣ್ಣೆದುರಿಗೇ ಗುಳಿಗಳು ತೆರೆದುಕೊಂಡವು, ಮೊದಲಿಗಿಂತ ದಟ್ಟವಾಗಿ. ಮೇಣ ಬಳಿದಿದ್ದರೆ ಅದು ಹೆರೆದ ಪುಡಿಯ ಜೊತೆ ಹೋಗಿರಬೇಕಿತ್ತು. ಈಗಿನ ಈ ಮೈಯನ್ನು ಅವನ ಹೊರತು ಬೇರೆ ಯಾರೂ ಮುಟ್ಟಿಲ್ಲ.

ಕಾಫಿ ತಂದ ವರ್ನಾ ಅವನ ಹೆಗಲ ಮೇಲಿದ್ದ ಬಟ್ಟೆಯನ್ನು ನೋಡಿದಳು. "ಇದ್ರಲ್ಲಾ ಒರೆಸ್ತಾ ಇದ್ದದ್ದು? ಮೇಜಿಗೆ ಆ ಹೊಸ ಸ್ಪ್ರೇ ಪಾಲಿಶ್ ಹೊಡೆದು ಒರೆಸೋ ಬಟ್ಟೆ ರೀ ಇದು. ಒಗೆದು ಇಟ್ಟಿದ್ದೆ. ಎಷ್ಟು ಒಗೆದ್ರೂ ಆ ಜಿಡ್ಡು ಬಿಡಲ್ಲ."

ಮೊದಲ ಸಲ ಲಾಲೊನ ಶೆಡ್ಡಿಗೆ ಆರ್ವಿಲ್ ಒಯ್ದದ್ದೂ ಇದೇ ಬಟ್ಟೆ. ನಾಚಿಕೆಯಿಂದ ಅದನ್ನು ಹೆಗಲಿಂದ ಕಿತ್ತೆಸೆದ.

ಶೆಡ್ಡಿಗೆ ಹೋಗಿ ಎಲ್ಲವನ್ನೂ ಹೇಳಿಕೊಂಡ, ಏನನ್ನೂ ಮುಚ್ಚಿಡಲಿಲ್ಲ. ತಪ್ಪಾಯ್ತು ಎಂದ, ಮತ್ತೊಮ್ಮೆ ಎಂದ. ಲಾಲೊ ಕೇಳಿಸಿಕೊಂಡು, ಆಯ್ತು, ಶನಿವಾರ ತಗೊಂಡು ಬಾ, ಹೊಡೆದು ಕೊಡ್ತೀನಿ ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ. ಆರ್ವಿಲ್‌ಗೆ ಎದೆ ಹಗುರಾಯಿತು.

ಶನಿವಾರ ಬೆಳಗ್ಗೆ ಮತ್ತೆ ಹೆರೆದು ಅಡಿಬಣ್ಣ ಕೊಟ್ಟ ಮೈಯನ್ನು ಇಳಿಸಿ ಹೋಗಿದ್ದ ಆರ್ವಿಲ್ ಮಧ್ಯಾಹ್ನ ಬಂದಾಗ, ಶೆಡ್ಡಿನ ಹಿಂಬಾಗಿಲು, ಕಪಾಟು, ಪೆಟ್ಟಿಗೆ ಎಲ್ಲವನ್ನೂ ಲಾಲೊ ಹಾರುಹೊಡೆದಿಟ್ಟಿದ್ದ. ಮೂಲೆಯ ಟಾರ್ಪಾಲನ್ನೂ ಎಳೆದು ಹಾಕಿದ್ದ. ಬಾಗಿಲ ಪಕ್ಕದಲ್ಲಿ, ಇಡೀ ಶೆಡ್ಡು ಕಾಣುವ ಜಾಗದಲ್ಲಿ, ಮನೆಯೊಳಗಿನಿಂದ ತಂದ ಒಂದು ಕುರ್ಚಿ.

"ಇಲ್ಲಿ ಕೂತ್ಕೊ," ಎಂದ ಲಾಲೊ. "ಕಣ್ಣೆದುರಿಗೇ ಇದ್ರೆ ನಿಂಗೂ ಸಮಾಧಾನ."

"ಬೇಡ ಕಣೋ. ಒರೆಸ್ತೀನಿ, ಕೊಡು ಇಲ್ಲಿ."

"ಒರೆಸಿ ಆಗಿದೆ."

ಆರ್ವಿಲ್ ಕುರ್ಚಿಯ ಅಂಚಿಗೆ ಕೂತ. ಲಾಲೊ ಮೂಗಿಗೆ ಬಟ್ಟೆ ಕಟ್ಟಿಕೊಂಡು ಗನ್ನು ಎತ್ತಿದ. ಬಣ್ಣ ಒಂದೇ ಸಮನೆ ಹರಡಿತು. ಒಂದು ಗುಳಿಯಿಲ್ಲ, ಒಂದು ಗೆರೆಯಿಲ್ಲ, ಮಾಗಿದ ಚೆರ್ರಿಯ ಕೆಂಪು. ಮೊದಲೆಲ್ಲ ಇಂಥ ಬಣ್ಣ ಕಂಡಾಗ ಇಬ್ಬರೂ ಒಬ್ಬರ ಬೆನ್ನಿಗೊಬ್ಬರು ಗುದ್ದಿಕೊಳ್ಳುತ್ತಿದ್ದರು. ಆರ್ವಿಲ್ ಕುರ್ಚಿಯಿಂದ ಏಳಲು ನೋಡಿದ.

"ಕೂತ್ಕೊ," ಎಂದ ಲಾಲೊ, ತಿರುಗಿ ನೋಡದೆ.

ಆರ್ವಿಲ್ ಕೂತುಕೊಂಡ.