ಕೈ ತೊಳೆದುಕೊಂಡವರು

ನನ್ನ ಮಗ ಮಾತಿನಲ್ಲಿ ಮಹಾ ಜಿಪುಣ. ಅವನ ಮಗಳು ಅಪ್ಪನ ಪಾಲಿನದನ್ನೂ ಸೇರಿಸಿ ಆಡುತ್ತಿದ್ದಳು. ಉಸಿರಿನ ಕೊಳವೆ ಕಿರಿದಾಗಿ ಏದುಸಿರು ಬಂದರೂ ಬಾಯಿ ಮುಚ್ಚಿದವಳಲ್ಲ. ಅದಕ್ಕೇ ಅವಳು ನಮಗೆ ವಟವಟಿ. ಅಂಥವಳ ಕೊಳವೆ ಹಿಗ್ಗಿಸಿ, ಹೊಲಿಗೆ ಹಾಕಿ, ಕುತ್ತಿಗೆಯಲ್ಲಿ ನಳಿಕೆ ಇಟ್ಟರು. ಅದು ಇರುವ ತನಕ ದನಿ ಹೊರಡದು. ಹೊಲಿಗೆಗೆ ಸೋಂಕು ತಗಲದಿದ್ದರೆ ನಳಿಕೆ ತೆಗೆಯುತ್ತಾರೆ. ತಗಲಿತೋ, ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಮತ್ತೆ ಆ ವಟವಟ ಕೇಳುತ್ತೇನೋ ಇಲ್ಲವೋ ಎಂದು ನಾನು ಹೆದರಿ ಸಾಯುತ್ತಿದ್ದೆ.

ಕರೆಯಲು ದನಿಯಿಲ್ಲವೆಂದು ನರ್ಸಮ್ಮ ಅವಳಿಗೊಂದು ಪುಟ್ಟ ಗಂಟೆ ಕೊಟ್ಟಳು. ಕೈ ತೊಳೆಯದೆ ಯಾರೇ ಹತ್ತಿರ ಬಂದರೂ ಬಾರಿಸು ಎಂದೂ ಹೇಳಿಕೊಟ್ಟಳು. ಮೊದಲೇ ಮಂಗ, ಮೇಲೆ ಹೆಂಡ ಕುಡಿಸಿದ ಹಾಗಾಯಿತು. ನಾನು ಕೈ ತೊಳೆದು ಬಂದು ಕನ್ನಡಕ ಸರಿಮಾಡಿಕೊಂಡರೂ ಗಂಟೆ. ನಾನು ಬೈದುಕೊಂಡೇ ಮತ್ತೆ ನಲ್ಲಿಯ ಹತ್ತಿರ ಹೋಗುತ್ತಿದ್ದೆ.

ಎಡವಟ್ಟು ಮಾಡಿದವನು ನನ್ನ ಮಗ. ನಮ್ಮ ಅಕ್ಕನಿಗೆ ಫೋನ್ ಮಾಡಿ, "ದೊಡ್ಡಮ್ಮ, ಆಪರೇಷನ್ ಆಯ್ತು. ಡಾಕ್ಟ್ರು ಎಲ್ರೂ ಕೈ ತೊಳ್ಕೊಳ್ಳಿ ಅಂದ್ಬಿಟ್ರು" ಎಂದಷ್ಟೇ ಹೇಳಿ ಇಟ್ಟುಬಿಟ್ಟ. ನಮ್ಮ ಅಕ್ಕನಿಗೋ ಕೆಟ್ಟದ್ದೇ ಮೊದಲು ಹೊಳೆಯುವುದು. ಡಾಕ್ಟರೇ ಆಸೆ ಬಿಟ್ಟಮೇಲೆ ಇನ್ನೇನು ಎಂದು ಮನೆಮಂದಿಯನ್ನೆಲ್ಲ ಹೊರಡಿಸಿದಳು.

ಮಧ್ಯಾಹ್ನ ದಂಡೇ ವಾರ್ಡಿಗೆ ನುಗ್ಗಿತು. ಅಕ್ಕ, ಭಾವ, ಅವರ ಸೊಸೆ, ಮೂಗು ಸೊರಸೊರ ಎನ್ನುತ್ತಿದ್ದ ಅವಳ ಮಗ. ಮೂಗೊರೆಸಿದ ಕರವಸ್ತ್ರ ಹಿಡಿದ ಕೈಯನ್ನೇ ಚಾಚಿಕೊಂಡು ಅಕ್ಕ ಮಗುವಿನ ಕುತ್ತಿಗೆ ತಬ್ಬಲು ಓಡಿದಳು. ನಾನು ತಡೆಯಲು ಎದ್ದೆ.

ಗಂಟೆ ಹೊಡೆದುಕೊಂಡಿತು ನೋಡಿ, ಪಕ್ಕದ ಮಂಚದವರೂ ಎದ್ದು ಕೂತರು. ಅಕ್ಕ ನಿಂತಲ್ಲೇ ನಿಂತಳು. ವಟವಟಿ ಎರಡೂ ಅಂಗೈ ಉಜ್ಜಿ ತೋರಿಸಿದಳು. ಅದನ್ನು ಕಂಡು ಅಕ್ಕನ ದುಃಖ ಇಮ್ಮಡಿಸಿತು.

"ಇಲ್ಲ ಕಂದಾ, ನಾವ್ಯಾರೂ ಕೈ ತೊಳ್ಕೊಂಡಿಲ್ಲ!"

ಗಂಟೆ ಇನ್ನೂ ಜೋರಾಯಿತು.

"ಅವಳೂ ಅದನ್ನೇ ಹೇಳ್ತಿರೋದಮ್ಮ" ಎಂದಳು ನರ್ಸಮ್ಮ. ದಂಡನ್ನೆಲ್ಲ ನಲ್ಲಿಯ ಕಡೆಗೆ ಅಟ್ಟಿ, ಮೂಗು ಸೋರುವವನನ್ನು ಹೊರಗೆ ಕಳಿಸಿದಳು. ವಿಷಯ ತಿಳಿದ ಅಕ್ಕ ನನ್ನ ಮಗನಿಗೆ ಮಾಡಿದ ಮಂಗಳಾರತಿಯನ್ನು ಇಲ್ಲಿ ಬರೆಯುವಂತಿಲ್ಲ.

ಸೋಂಕು ತಗಲಲಿಲ್ಲ. ನಳಿಕೆ ತೆಗೆದ ದಿನ ಡಾಕ್ಟರು ಗಾಯಕ್ಕೆ ಪಟ್ಟಿ ಅಂಟಿಸಿ ನಕ್ಕರು.

"ಹೊಲಿಗೆ ಚೆನ್ನಾಗಿ ಕೂಡಿದೆ. ಇನ್ನು ನಾನು ಕೈ ತೊಳ್ಕೊಂಡ ಹಾಗೇ."

ಎಲ್ಲರ ಕಣ್ಣೂ ಆ ಪುಟ್ಟ ಬಾಯಿಯ ಮೇಲೆ. ತುಕ್ಕು ಹಿಡಿದ ಬಾಗಿಲಿನಂಥ ದನಿಯೊಂದು ಹೊರಟಿತು.

"ಸೋಪು ಹಾಕಿದ್ರಾ?"

ನಾನು ಗಳಗಳ ಅತ್ತೆ. ಅಂಗೈಯಲ್ಲೇ ಕಣ್ಣೊರೆಸಿಕೊಂಡು ಅವಳನ್ನು ತಬ್ಬಲು ಹೋದೆ. ಗಂಟೆ ಬಾರಿಸಿದಳು.